ಸೆಕೆಗೆ ಪ್ರೊಸೆಸರ್ ಸ್ಪೀಡ್ ಬೀಳ್ತಾ ಉಂಟಾ? ಕೂಲರ್ ತಗೊಳ್ಳುವ ಮೊದಲು ಇದನ್ನು ನೋಡಿ

ಏಪ್ರಿಲ್ ಬಂತು ಅಂದ್ರೆ ಮಂಗಳೂರು, ಉಡುಪಿ ಕಡೆ ಫ್ಯಾನ್ ಕೆಳಗೆ ಕೂತ್ರೂ ಬೆವರು ನಿಲ್ಲುದಿಲ್ಲ, ಅದೇ ರೂಮಲ್ಲಿ ಓವರ್‌ಕ್ಲಾಕ್ ಮಾಡಿದ (ಅಂದ್ರೆ ಪ್ರೊಸೆಸರನ್ನು ಕಂಪೆನಿ ಇಟ್ಟ ಸ್ಪೀಡಿಗಿಂತ ಹೆಚ್ಚು ಓಡಿಸುವ) ಪಿಸಿ ಇಟ್ಕೊಂಡವರಿಗೆ ಇನ್ನೊಂದು ತಲೆಬಿಸಿ ಶುರು. ಡಿಸೆಂಬರಲ್ಲಿ ಚಂದ ಓಡ್ತಿದ್ದ ಗೇಮ್ ಈಗ ಹತ್ತು ನಿಮಿಷಕ್ಕೆ ತಡವರಿಸ್ತದೆ, ವಿಡಿಯೋ ರೆಂಡರ್ ಅರ್ಧದಲ್ಲಿ ನಿಧಾನ ಆಗ್ತದೆ. ಇದೇ ಥ್ರಾಟ್ಲಿಂಗ್, ಅಂದ್ರೆ ಪ್ರೊಸೆಸರ್ ಹಾಳಾಗ್ಬಾರ್ದು ಅಂತ ತಾನೇ ಸ್ಪೀಡ್ ಇಳಿಸಿಕೊಳ್ಳುದು. ಹೆಚ್ಚಿನವರು ಕೂಡ್ಲೇ ಪ್ರೊಸೆಸರಿಗೆ ಹೊಸ ಕೂಲರ್ ತರ್ತಾರೆ. ದಯವಿಟ್ಟು ಬೇಡ ಮಾರಾಯ್ರೆ, ಕಾರಣ ಮೊದಲು ಹುಡುಕಿ.

ಎಚ್‌ಡಬ್ಲ್ಯೂಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ಅದರ ಸೆನ್ಸರ್ ವಿಂಡೋ ಓಪನ್ ಮಾಡಿ ಇಟ್ಟು ಸಿನಿಬೆಂಚ್ (ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷೆ ಮಾಡುವ ಸಾಫ್ಟ್‌ವೇರ್) ಮಲ್ಟಿಕೋರ್ ಟೆಸ್ಟ್ ಹತ್ತು ನಿಮಿಷ ಓಡಿಸಿ. ಟೆಂಪರೇಚರ್, ಕ್ಲಾಕ್ (ಅಂದ್ರೆ ಪ್ರೊಸೆಸರ್ ಸ್ಪೀಡ್), ವ್ಯಾಟ್ ಮೂರನ್ನೂ ಒಟ್ಟಿಗೆ ನೋಡ್ಬೇಕು. ಟೆಂಪರೇಚರ್ ಲಿಮಿಟ್‌ಗೆ ಮುಟ್ಟಿ (ಇಂಟೆಲ್ ಚಿಪ್ಪಲ್ಲಿ ಸಾಮಾನ್ಯವಾಗಿ 100 ಡಿಗ್ರಿ, ರೈಜನ್ 7000ದಲ್ಲಿ 95) ಕ್ಲಾಕ್ ಬಿದ್ರೆ ಅದು ಬಿಸಿಯದ್ದೇ ಸಮಸ್ಯೆ. ಟೆಂಪರೇಚರ್ 75ರಲ್ಲೇ ಇದ್ದು ವ್ಯಾಟ್ ಒಂದೇ ನಂಬರಲ್ಲಿ ಅಂಟಿಕೊಂಡಿದ್ರೆ ಅದು ಬಯೋಸ್‌ನ (ಮದರ್‌ಬೋರ್ಡಿನ ಒಳಗಿನ ಸೆಟ್ಟಿಂಗ್) ಪವರ್ ಲಿಮಿಟ್. ಎರಡೂ ಅಲ್ಲದಿದ್ರೆ ವಿಆರ್ ಥರ್ಮಲ್ ಅನ್ನುವ ಸಾಲಲ್ಲಿ ಯೆಸ್ ಬಂದಿದ್ಯಾ ನೋಡಿ, ಅಂದ್ರೆ ಪ್ರೊಸೆಸರಿಗೆ ಕರೆಂಟ್ ಕೊಡುವ ಮದರ್‌ಬೋರ್ಡಿನ ವಿಆರ್‌ಎಂ ಕಾದಿದೆ.

ನನ್ನದು ಈ ಮೂರನೇದು. ಪ್ರೊಸೆಸರ್ ಮೇಲಿನ ಏರ್ ಕೂಲರ್ (ಫ್ಯಾನಿನದ್ದು) ತೆಗೆದು ಲಿಕ್ವಿಡ್ ಕೂಲರ್ (ಪೈಪಲ್ಲಿ ದ್ರವ ಹರಿಸಿ ತಣ್ಣಗೆ ಮಾಡುವಂಥದ್ದು) ಹಾಕಿಸಿದೆ, ಟೆಂಪರೇಚರ್ 78ಕ್ಕೆ ಇಳೀತು, ಆದ್ರೂ ಕ್ಲಾಕ್ 5ರಿಂದ 4.2 ಗಿಗಾಹರ್ಟ್ಜ್‌ಗೆ ಬೀಳುದು ಬೀಳುದೇ. ಒಂದು ದಿನ ಸೈಡ್ ಪ್ಯಾನೆಲ್ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ ನೋಡಿ, ಐದು ನಿಮಿಷದಲ್ಲಿ ಕ್ಲಾಕ್ ಸರಿಯಾಗಿ ನಿಂತಿತು. ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದ ವಿಆರ್‌ಎಂ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ದೋಸೆ ಕಾವಲಿ ಹಾಗೆ ಕಾದಿತ್ತು. ಹಳೇ ಏರ್ ಕೂಲರಿನ ಫ್ಯಾನ್ ಗಾಳಿ ಅಲ್ಲಿಗೂ ಬೀಳ್ತಿತ್ತು, ಲಿಕ್ವಿಡ್ ಹಾಕಿದ ಮೇಲೆ ಅದು ನಿಂತೇ ಹೋಗಿತ್ತು. ಆ ಹೀಟ್‌ಸಿಂಕಿಗೆ ಮುಖ ಮಾಡಿ 120 ಎಂಎಂ ಫ್ಯಾನ್ ಒಂದು ಕಟ್ಟಿದೆ, ಅಷ್ಟೇ.

ಬಿಸಿಯದ್ದೇ ಕಾರಣ ಅಂತಾದ್ರೆ ಲೆಕ್ಕ ಸುಲಭ. ಕೂಲರ್ ಬಳಸುದು ರೂಮಿನ ಗಾಳಿಯನ್ನೇ, ರೂಮ್ 24ರಿಂದ 34ಕ್ಕೆ ಏರಿದ್ರೆ ಪ್ರೊಸೆಸರೂ ಹೆಚ್ಚುಕಮ್ಮಿ ಹತ್ತು ಡಿಗ್ರಿ ಏರ್ತದೆ, ಡಿಸೆಂಬರಿನ 88 ಈಗ 98. ಮೊದಲು ಧೂಳು ತೆಗೀರಿ. ನಮ್ಮ ಊರಿನ ಧೂಳು ತೇವಕ್ಕೆ ಹೀಟ್‌ಸಿಂಕ್ ಎಡೆಯಲ್ಲಿ ಹತ್ತಿಯ ಹಾಗೆ ಕೂತಿರ್ತದೆ, ಬ್ಲೋವರ್ ಒಂದೇ ಸಾಲದು, ಮೆತ್ತಗಿನ ಬ್ರಶ್ ಬೇಕು, ಮತ್ತೆ ಗಾಳಿ ಬಿಡುವಾಗ ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ತಿರುಗಲಿಕ್ಕೆ ಬಿಡ್ಬೇಡಿ. ಥರ್ಮಲ್ ಪೇಸ್ಟ್ (ಪ್ರೊಸೆಸರ್ ಮತ್ತು ಕೂಲರ್ ಮಧ್ಯೆ ಬಿಸಿ ದಾಟಿಸುವ ಪೇಸ್ಟ್) ಒಣಗಿದ್ರೆ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಕಡಲೆ ಕಾಳಿಗಿಂತ ಸಣ್ಣ ಗಾತ್ರದಲ್ಲಿ ಹೊಸತು ಹಾಕಿ, ಕೂಲರಿನ ಸ್ಕ್ರೂ ಎದುರುಬದುರು ಮೂಲೆಯದ್ದು ಸ್ವಲ್ಪಸ್ವಲ್ಪ ಬಿಗಿ ಮಾಡ್ತಾ ಬನ್ನಿ.

ಇಷ್ಟಾದ್ರೂ ಸರಿ ಆಗದಿದ್ರೆ ಬಯೋಸಲ್ಲಿ ಪ್ರೊಸೆಸರ್ ವೋಲ್ಟೇಜ್ ಇಳಿಸಿ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆ ಮದ್ದು ಇದೇ. ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರ್ತದೆ, ಹಾಗಾಗಿ 1.35 ವೋಲ್ಟ್‌ನಿಂದ 1.25ಕ್ಕೆ ಬಂದ್ರೆ ಅದೇ ಸ್ಪೀಡಲ್ಲಿ ಸುಮಾರು ಶೇ 14 ಕಡಿಮೆ. ಒಮ್ಮೆಲೇ ಅಲ್ಲ, 0.02ರಂತೆ ಇಳಿಸಿ ಅರ್ಧ ಗಂಟೆ ಟೆಸ್ಟ್ ಮಾಡಿ, ಹ್ಯಾಂಗ್ ಆದ್ರೆ ಒಂದು ಹೆಜ್ಜೆ ಹಿಂದೆ. ಕ್ಲಾಕ್ 5.1 ಗಿಗಾಹರ್ಟ್ಜ್ ಇದ್ದದ್ದನ್ನು 4.9 ಮಾಡಿದ್ರೆ ಹೋಗುದು ಶೇ 4 ಮಾತ್ರ, ಗೇಮಲ್ಲಿ ಗೊತ್ತೂ ಆಗುದಿಲ್ಲ. ಪವರ್ ಲಿಮಿಟ್ ಏರಿಸುವವರು ವಿಆರ್‌ಎಂಗೆ ಹೀಟ್‌ಸಿಂಕ್ ಇಲ್ಲದ ಬೋರ್ಡಲ್ಲಿ ಆ ಕೆಲಸಕ್ಕೆ ಹೋಗ್ಲೇಬೇಡಿ.

ಸರಿಯಾದ ಸೆಟ್ಟಿಂಗ್ ಸಿಕ್ಕಿದ ಮೇಲೆ ಬಯೋಸಲ್ಲಿ ಬೇಸಿಗೆದು ಬೇರೆ, ಮಳೆಗಾಲದ್ದು ಬೇರೆ ಎರಡು ಪ್ರೊಫೈಲ್ ಸೇವ್ ಮಾಡಿಡಿ. ಜೂನಲ್ಲಿ ಮಳೆ ಹಿಡಿದು ರೂಮ್ ತಣ್ಣಗಾದ ಮೇಲೆ ಎರಡನೇದನ್ನು ಲೋಡ್ ಮಾಡಿದ್ರೆ ಆಯ್ತು.