ಎನ್‌ವಿಪ್ರೊಫ್ ಬಿಟ್ಟು ಎನ್‌ಸೈಟ್‌ಗೆ: ಹಾಸನದ ಕಾಫಿ ಬೀಜದ ಮಾಡೆಲ್‌ನಲ್ಲಿ ಕಂಡಿದ್ದು

ಕಾಫಿ ಬೀಜದ ಫೋಟೋ ನೋಡಿ ದೋಷ ಗುರುತಿಸುವ ಎಐ ಮಾಡೆಲ್ ಒಂದನ್ನು ಟ್ರೈನ್ ಮಾಡುತ್ತಿದ್ದೇವೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂದು ಅಳೆಯುವ ಎನ್ವಿಡಿಯಾದ ಹಳೇ ಟೂಲ್ ಎನ್‌ವಿಪ್ರೊಫ್. ಹಳೇ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್‌ನಲ್ಲಿ (ಜಿಪಿಯು) ಅದು ಕೊಡುತ್ತಿದ್ದ ಪಟ್ಟಿಯಲ್ಲಿ ಕನ್ವಲ್ಯೂಷನ್ (ಚಿತ್ರದಿಂದ ಲಕ್ಷಣ ಹೆಕ್ಕುವ ಲೆಕ್ಕ) ಕರ್ನಲ್‌ಗಳೇ, ಅಂದರೆ ಜಿಪಿಯು ಮೇಲೆ ಓಡುವ ಚಿಕ್ಕ ಪ್ರೋಗ್ರಾಂಗಳೇ ಮೇಲಿದ್ದವು, ಶೇಕಡಾ 60ರಷ್ಟು. ಅದನ್ನು ನಂಬಿ ಆರ್‌ಟಿಎಕ್ಸ್ 3060 ತರಿಸಿದ್ದಾಯಿತು, ಸುಮಾರು 28 ಸಾವಿರ ರೂಪಾಯಿ. ಎಪಾಕ್ (ಎಲ್ಲ ಫೋಟೋಗಳ ಮೇಲೆ ಒಂದು ಸುತ್ತು ಟ್ರೈನಿಂಗ್) 15 ನಿಮಿಷದಿಂದ ಇಳಿದಿದ್ದು 12ಕ್ಕೆ, ಅಷ್ಟೇ. ಆ ಶೇಕಡಾವಾರು ಲೆಕ್ಕ ಜಿಪಿಯು ಕೆಲಸ ಮಾಡಿದ ಹೊತ್ತಿನದು ಮಾತ್ರ. ಸುಮ್ಮನೆ ಕೂತ ಹೊತ್ತು ಆ ಪಟ್ಟಿಗೆ ಬರುವುದೇ ಇಲ್ಲ. "ಕಾರ್ಡೇ ಸಾಲ್ದು, ಇನ್ನೂ ದೊಡ್ಡದು ತಗೊಳ್ಳೋಣ" ಅಂದವರೂ ಇದ್ದರು.

ಹೊಸ ಕಾರ್ಡ್‌ನಲ್ಲಿ ಎನ್‌ವಿಪ್ರೊಫ್ ನಡೆಯುವುದಿಲ್ಲ. ಕಂಪ್ಯೂಟ್ ಕೇಪಬಿಲಿಟಿ (ಕಾರ್ಡ್‌ನ ತಲೆಮಾರು ಹೇಳುವ ಅಂಕಿ) 8.0 ಮತ್ತು ಮೇಲಿನದಕ್ಕೆ ಬೆಂಬಲವಿಲ್ಲ ಎಂದು ಹೇಳಿ ನಿಲ್ಲುತ್ತದೆ. 3060 ಇರುವುದು 8.6ರಲ್ಲಿ. ಬದಲಿಗೆ ಬಂದಿರುವುದು ಒಂದಲ್ಲ, ಎರಡು ಟೂಲ್: ಟೈಮ್‌ಲೈನ್‌ಗೆ ಎನ್‌ಸೈಟ್ ಸಿಸ್ಟಮ್ಸ್, ಒಂದೊಂದು ಕರ್ನಲ್‌ನ ಒಳಗು ನೋಡಲು ಎನ್‌ಸೈಟ್ ಕಂಪ್ಯೂಟ್. ಮೊದಲನೆಯದರಲ್ಲಿ ಜಾಗ ಗುರುತಿಸದೆ ಎರಡನೆಯದಕ್ಕೆ ಕೈ ಹಾಕಿದರೆ ದಿನ ಹಾಳು. ನಾವು ಎರಡು ದಿನ ಹಾಳು ಮಾಡಿಕೊಂಡೆವು.

ಮೊದಲ ಸಲ ಇಡೀ ಎಪಾಕ್ ರೆಕಾರ್ಡ್ ಮಾಡಿ ಬಂದ ಫೈಲು ಹಲವು ಜಿಬಿ. 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಅದನ್ನು ತೆರೆಯಲಾರದೆ ಒದ್ದಾಡಿತು. ಆಮೇಲೆ ಟ್ರೇಸ್‌ನಲ್ಲಿ ಕುಡಾ (ಜಿಪಿಯುಗೆ ಕೆಲಸ ಕೊಡುವ ಎನ್ವಿಡಿಯಾ ವ್ಯವಸ್ಥೆ) ಮತ್ತು ಎನ್‌ವಿಟಿಎಕ್ಸ್ (ಕೋಡ್‌ನಲ್ಲಿ ನಾವೇ ಹಾಕುವ ಗುರುತು) ಎರಡನ್ನೇ ಇಟ್ಟು, ಓಎಸ್ ಕರೆಗಳನ್ನೂ ಸಿಪಿಯು ಸ್ಯಾಂಪ್ಲಿಂಗನ್ನೂ ತೆಗೆದೆವು. ಕ್ಯಾಪ್ಚರ್ ರೇಂಜನ್ನು (ರೆಕಾರ್ಡ್ ಆಗುವ ಭಾಗ) ಕೋಡ್‌ನಿಂದಲೇ ಶುರು ಮಾಡಿ ನಿಲ್ಲಿಸುವ ಕುಡಾ ಪ್ರೊಫೈಲರ್ ಎಪಿಐಗೆ ಕಟ್ಟಿ, ಮೊದಲ 50 ಸ್ಟೆಪ್ (ಒಂದು ಕಂತು ಫೋಟೋಗಳ ಟ್ರೈನಿಂಗ್) ಬಿಟ್ಟು ಮುಂದಿನ 20 ಮಾತ್ರ ಹಿಡಿದೆವು. ಆರಂಭದಲ್ಲಿ ಎನ್ವಿಡಿಯಾದ ನ್ಯೂರಲ್ ನೆಟ್‌ವರ್ಕ್ ಲೈಬ್ರರಿ ಕುಡಿಎನ್‌ಎನ್‌ನ ಬೆಂಚ್‌ಮಾರ್ಕ್ ತನಗೆ ಹಿಡಿಸುವ ಅಲ್ಗಾರಿದಂ ಹುಡುಕುತ್ತಿರುತ್ತದೆ, ಆ ಅಂಕಿ ನೆಚ್ಚುವಂತಿಲ್ಲ. ಇಲ್ಲೊಂದು ಗುಂಡಿ: ರೇಂಜ್ ಮುಗಿದ ಕೂಡಲೇ ಪ್ರೋಗ್ರಾಂ ಕೂಡ ಸಾಯುತ್ತದೆ. ಕ್ರ್ಯಾಶ್ ಅಂದುಕೊಂಡು ಅರ್ಧ ದಿನ ಕೋಡ್ ತಡಕಾಡಿದ್ದು ದಂಡ. ಕ್ಯಾಪ್ಚರ್ ರೇಂಜ್ ಎಂಡ್‌ಗೆ ಸ್ಟಾಪ್ ಅಂತ ಕೊಟ್ಟರೆ ಟ್ರೈನಿಂಗ್ ಮುಂದುವರಿಯುತ್ತದೆ.

ಟೈಮ್‌ಲೈನ್ ತೆರೆದಾಗ ಕಂಡಿದ್ದು ಬಾಚಣಿಗೆ. 310 ಮಿಲಿಸೆಕೆಂಡಿನ ಸ್ಟೆಪ್‌ನಲ್ಲಿ ಜಿಪಿಯು ಪಟ್ಟಿ ತುಂಬಿದ್ದು 140ರಷ್ಟು, ಉಳಿದದ್ದು ಖಾಲಿ. ಫೋಟೋ ಓದಿ ಕೊಡುವ ಲೋಡರ್‌ಗೆ ಎನ್‌ವಿಟಿಎಕ್ಸ್ ಗುರುತು ಹಾಕಿ ನೋಡಿದರೆ ಖಾಲಿ ಜಾಗವೆಲ್ಲ ಜೇಪೆಗ್ ಬಿಚ್ಚುವುದಕ್ಕೆ ಕಾಯುವ ಹೊತ್ತು. ಬೀಜ ಹರವಿದ ಟ್ರೇಯ ಫೋಟೋ 12 ಮೆಗಾಪಿಕ್ಸೆಲ್. ಪೂರ್ತಿ ಬಿಚ್ಚಿ, ಆಮೇಲೆ ಸುಮಾರು 1000ಕ್ಕೆ 750ಕ್ಕೆ ಕುಗ್ಗಿಸುತ್ತಿದ್ದೆವು. ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋದ ಡ್ರಾಫ್ಟ್ ಫಂಕ್ಷನ್ ಕರೆದರೆ ಬಿಚ್ಚುವಾಗಲೇ ಕಾಲು ಅಳತೆಗೆ ಇಳಿಯುತ್ತದೆ. ಒಂದು ಫೋಟೋಗೆ 80 ಮಿಲಿಸೆಕೆಂಡ್ ಇದ್ದದ್ದು 30ರ ಒಳಗೆ ಬಂತು. ಇದು ಜೇಪೆಗ್‌ಗೆ ಮಾತ್ರ; ಪಿಎನ್‌ಜಿ ಕೊಟ್ಟರೆ ಸದ್ದಿಲ್ಲದೆ ಪೂರ್ತಿ ಅಳತೆಯನ್ನೇ ಬಿಚ್ಚುತ್ತದೆ. ಆಸೆಗೆ ಬಿದ್ದು ಎಂಟನೇ ಒಂದಕ್ಕೂ ಇಳಿಸಿ ನೋಡಿದೆವು: ಕಪ್ಪು ಬೀಜ, ಒಡಕು, ಪಿಬಿ (ಪೀಬೆರಿ, ಒಂಟಿ ದುಂಡು ಬೀಜ) ಎಲ್ಲ ಸರಿಯಾಗಿ ಗುರುತಾದವು, ಬೋರರ್ ಹುಳ ಕೊರೆದ ಸೂಜಿತೂತು ಮಾತ್ರ ಮಾಯ. ಕಾಲು ಅಳತೆಯೇ ಗಟ್ಟಿ. ಲೋಡರ್‌ನ ವರ್ಕರ್‌ಗಳು (ಫೋಟೋ ಬಿಚ್ಚುವ ಪ್ರೋಸೆಸ್‌ಗಳು) ಒಂದಕ್ಕೊಂದು ಕಾಯದ ಹಾಗೆ ಫೈಲುಗಳನ್ನು ಯಾವ ಕ್ರಮದಲ್ಲಿ ಹಂಚುತ್ತೇವೆ ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಅದೇ ಟೈಮ್‌ಲೈನ್‌ನಲ್ಲಿ ಇನ್ನೆರಡು ಸಿಕ್ಕವು. ಲಾಸ್ (ಮಾಡೆಲ್‌ನ ತಪ್ಪಿನ ಅಳತೆ) ಅಚ್ಚು ಹಾಕಲು ಪ್ರತಿ ಸ್ಟೆಪ್‌ನಲ್ಲೂ ಐಟಂ (ಜಿಪಿಯುನಿಂದ ಸಂಖ್ಯೆ ತರುವ ಫಂಕ್ಷನ್) ಕರೆಯುತ್ತಿದ್ದುದರಿಂದ ಸ್ಟ್ರೀಮ್ ಸಿಂಕ್ರೊನೈಸ್ ಆಗಿ, ಜಿಪಿಯು ಮುಗಿಸುವ ತನಕ ಸಿಪಿಯು ಕಾಯುತ್ತಿತ್ತು. 50 ಸ್ಟೆಪ್‌ಗೊಮ್ಮೆ ಮಾಡಿದೆವು. ಮೆಮ್‌ಕಾಪಿ (ಡೇಟಾವನ್ನು ಜಿಪಿಯುಗೆ ಸಾಗಿಸುವುದು) ಮೇಲೆ ಪೇಜಬಲ್, ಅಂದರೆ ನಿಧಾನದ ಸಾಗಣೆ, ಅಂತ ಬರುತ್ತಿತ್ತು; ಲೋಡರ್‌ನಲ್ಲಿ ಪಿನ್ ಮೆಮೊರಿ ಆಯ್ಕೆ ಹಾಕಿದ ಮೇಲೆ ಹೋಯಿತು.

ಇದಾದ ಮೇಲೆ ಎನ್‌ಸೈಟ್ ಕಂಪ್ಯೂಟ್. ಮೊದಲ ಓಟಕ್ಕೇ ಪರ್ಮಿಷನ್ ಎರರ್. ಲಿನಕ್ಸ್‌ನಲ್ಲಿ ಡ್ರೈವರ್ ಆಯ್ಕೆಗಳಿರುವ ಮಾಡ್‌ಪ್ರೋಬ್ ಫೋಲ್ಡರ್‌ನಲ್ಲಿ ಒಂದು ಫೈಲು ಮಾಡಿ, ಪ್ರೊಫೈಲಿಂಗನ್ನು ಅಡ್ಮಿನ್‌ಗೆ ಮಾತ್ರ ಬಿಡುವ ಎನ್ವಿಡಿಯಾ ಡ್ರೈವರ್ ಆಯ್ಕೆಗೆ 0 ಕೊಟ್ಟು, ಇನಿಟ್‌ರ‍್ಯಾಮ್‌ಎಫ್‌ಎಸ್ ಹೊಸದು ಮಾಡಿ ರೀಬೂಟ್ ಮಾಡಬೇಕು. ಎಲ್ಲ ಅಳತೆಗಳ ಫುಲ್ ಸೆಟ್ ಕೇಳಿದರೆ ಒಂದೇ ಕರ್ನಲನ್ನು ಹತ್ತಾರು ಸಲ ಓಡಿಸುತ್ತದೆ, ಹಾಗಾಗಿ ಲಾಂಚ್ ಸ್ಕಿಪ್ (ಮೊದಲ ಕೆಲವು ಕರ್ನಲ್ ಓಟ ಬಿಡುವ ಆಯ್ಕೆ) ಹಾಕಿ ಐದೇ ಲಾಂಚ್ ನೋಡಿ. ಇಲ್ಲಿನ ಮಿಲಿಸೆಕೆಂಡ್ ಟೈಮ್‌ಲೈನಿನದಕ್ಕೆ ತಾಳೆಯಾಗುವುದಿಲ್ಲ; ಈ ಟೂಲ್ ಜಿಪಿಯು ಕ್ಲಾಕನ್ನು ಮೂಲ (ಬೇಸ್) ವೇಗಕ್ಕೆ ಕಟ್ಟಿಹಾಕುತ್ತದೆ. ನಮಗೆ ಸಿಕ್ಕಿದ್ದು ಕನ್ವಲ್ಯೂಷನ್‌ಗಳ ನಡುವೆ ಮತ್ತೆ ಮತ್ತೆ ಬರುತ್ತಿದ್ದ ಲೇಔಟ್ (ಮೆಮೊರಿಯಲ್ಲಿ ಡೇಟಾ ಜೋಡಣೆ) ಬದಲಾವಣೆಯ ಕರ್ನಲ್‌ಗಳು. ಮಾಡೆಲ್ ಮತ್ತು ಇನ್‌ಪುಟ್ ಎರಡನ್ನೂ ಚಾನೆಲ್ಸ್ ಲಾಸ್ಟ್ (ಚಾನೆಲ್‌ಗಳು ಕೊನೆಗೆ ಬರುವ ಜೋಡಣೆ) ಮಾಡಿದ್ದಕ್ಕೆ ಜಿಪಿಯು ಕೆಲಸ 140 ಮಿಲಿಸೆಕೆಂಡ್ ಇದ್ದದ್ದು 125ರ ಹತ್ತಿರ ಬಂತು. ಮಾಡೆಲ್ ಒಂದನ್ನೇ ಬದಲಿಸಿ ಇನ್‌ಪುಟ್ ಮರೆತರೆ ಆ ಕರ್ನಲ್‌ಗಳು ಪೂರ್ತಿ ಹೋಗುವುದಿಲ್ಲ.

ಈಗ ಸ್ಟೆಪ್ 130 ಚಿಲ್ಲರೆ ಮಿಲಿಸೆಕೆಂಡ್, ಎಪಾಕ್ 5 ನಿಮಿಷ. ಎರಡೂ ಟೂಲ್ ಪುಕ್ಕಟೆ. ದೊಡ್ಡ ಕಾರ್ಡ್‌ನ ಮಾತು ನಿಂತಿದೆ.

ಹಳೇ 1060 ಇಟ್ಟುಕೊಂಡವರಿಗೆ: ಅದರ ಮೇಲೆ ಎನ್‌ಸೈಟ್ ಸಿಸ್ಟಮ್ಸ್ ನಡೆಯಿತು, ಕಂಪ್ಯೂಟ್ ನಡೆಯಲಿಲ್ಲ; ಅದಕ್ಕೆ ಇನ್ನೂ ಹೊಸ ತಲೆಮಾರಿನ ಕಾರ್ಡ್ ಬೇಕು. ಮಳೆಗಾಲದಲ್ಲಿ ಚೆಸ್ಕಾಂ ಕರೆಂಟ್ ಹೋದಾಗ ಯುಪಿಎಸ್ ಕೂಗದಿರಲೆಂದು 3060ರ ಪವರ್ ಮಿತಿಯನ್ನು 170 ವಾಟ್‌ನಿಂದ 130ಕ್ಕೆ ಇಳಿಸಿಯೂ ನೋಡಿದೆವು. ಸ್ಟೆಪ್‌ಗೆ ಏಳೆಂಟು ಮಿಲಿಸೆಕೆಂಡ್ ಹೆಚ್ಚಾಯಿತು. ಹಾಗೇ ಬಿಟ್ಟಿದ್ದೇವೆ.