ಹಳೇ ಜರ್ಮನ್ ಹೂದಾನಿ: ಕೊಳ್ಳುವ ಮೊದಲು ಬುಡ ನೋಡಿ, ತೊಳೆಯುವ ಮೊದಲು ಬಿಳುಪು ನೋಡಿ

ಜರ್ಮನಿಯಲ್ಲಿರುವ ನಮ್ಮವರು ಅನೇಕರಿಗೆ ಈಗ ವಾರಾಂತ್ಯದ ಫ್ಲೋಮಾರ್ಕ್ಟ್, ಅಂದರೆ ಹಳೇ ಸಾಮಾನಿನ ಸಂತೆ ಸುತ್ತುವ ಹುಚ್ಚು. ಐದೋ ಹತ್ತೋ ಯೂರೋ ಕೊಟ್ಟು ಕೈಯಲ್ಲಿ ಊದಿದ ಹೂದಾನಿ ತರುತ್ತಾರೆ. ಮನೆಗೆ ಬಂದ ಕೂಡಲೇ ಕುದಿನೀರು ಸುರಿದು ಸ್ಟೀಲ್ ನಾರಿನಲ್ಲಿ ಉಜ್ಜುತ್ತಾರೆ. ಅಲ್ಲಿಗೆ ಅದರ ಕಥೆ ಮುಗಿಯಿತು.

1. ತಲೆಕೆಳಗು ಮಾಡಿ

ಕುಲುಮೆಯ ಮುಂದೆ ಕೆಲಸ ಮಾಡುವವರು ಊದಿದ ಗಾಜಿನ ಬುಡಕ್ಕೆ ಒಂದು ಕಬ್ಬಿಣದ ಸರಳು ಅಂಟಿಸಿ, ಬಾಯಿಯನ್ನು ಮತ್ತೆ ಕಾಯಿಸಿ ತಿದ್ದುತ್ತಾರೆ. ಆಮೇಲೆ ಸರಳನ್ನು ತಟ್ಟಿ ಬಿಡಿಸುತ್ತಾರೆ. ಬುಡದಲ್ಲಿ ಅದರ ಗಾಯ ಉಳಿಯುತ್ತದೆ. ಒರಟಾಗಿರಬಹುದು, ಇಲ್ಲವೇ ಉಜ್ಜಿ ನುಣುಪು ಮಾಡಿದ ನಾಣ್ಯದಗಲದ ಕುಳಿ ಇರಬಹುದು.

ಗಾಯ ಇಲ್ಲ ಅಂತ ಯಂತ್ರದ ಮಾಲು ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ನೀರಲ್ಲಿ ನೆನೆಸಿದ ಬೀಚ್ ಮರದ ಅಚ್ಚಿನೊಳಗೆ ಗಾಜನ್ನು ತಿರುಗಿಸುತ್ತಾ ಊದುವ ಪದ್ಧತಿಯೂ ಇದೆ. ಒದ್ದೆ ಮರದಿಂದ ಏಳುವ ಹಬೆಯ ಮೇಲೆ ಗಾಜು ಜಾರುವುದರಿಂದ ಅಚ್ಚಿನ ಗೆರೆ ಬೀಳುವುದಿಲ್ಲ. ತುರಿಂಗಿಯಾ ರಾಜ್ಯದ ಲೌಶಾ ಊರಿನಲ್ಲಿ 1597ರಲ್ಲೇ ಗಾಜಿನ ಕುಲುಮೆ ಶುರುವಾಗಿತ್ತು. ಅಲ್ಲಿನವರು ಗಾಜಿನ ಕೊಳವೆಯನ್ನು ಜ್ವಾಲೆಯಲ್ಲಿ ಕಾಯಿಸಿಯೂ ಊದುತ್ತಾರೆ. ಅದು ತೀರಾ ತೆಳು. ಬುಡದಿಂದ ಬಾಯಿಯವರೆಗೂ ಉಬ್ಬಿದ ಗೆರೆ ಓಡಿದ್ದರೆ ಮಾತ್ರ ಅನುಮಾನಪಡಿ.

ಗುಳ್ಳೆ ಇದ್ದರೆ ಹಳೇದು ಅನ್ನುವುದು ಸುಮ್ನೆ ಮಾತು. ಈಗಿನ ಅಗ್ಗದ ಮಾಲಿನಲ್ಲೂ ಬೇಕೆಂದೇ ಗುಳ್ಳೆ ಬಿಡುತ್ತಾರೆ. ತಿಳಿ ಹಸಿರು ಛಾಯೆ ಕಂಡರೆ ಕೊಳೆ ಅಂತ ಉಜ್ಜಲು ಹೋಗಬೇಡಿ. ಹಿಂದೆ ಕಾಡಿನ ನಡುವೆ ಮರಳು, ಮರದ ಬೂದಿ ಸೇರಿಸಿ ಗಾಜು ಕಾಯಿಸುತ್ತಿದ್ದರು. ಮರಳಿನಲ್ಲಿದ್ದ ಕಬ್ಬಿಣದಿಂದ ಆ ಬಣ್ಣ ಬಂತು. ಆ ಹಸಿರನ್ನು ಆಮೇಲಿನವರು ಇಷ್ಟಪಟ್ಟು ಮತ್ತೆ ಮಾಡಿದರು.

2. ಒಳಗಿನ ಬಿಳುಪು ಯಾವುದು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಬಿಳುಪಿನಲ್ಲಿ ಎರಡು ಜಾತಿ. ಒಂದು ಗಡಸು ನೀರಿನ ಸುಣ್ಣ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬರುವ ನಲ್ಲಿಗಳಿಗೆ ಹತ್ತುತ್ತದಲ್ಲ, ಅದೇ. ಇನ್ನೊಂದು ಗಾಜಿನದೇ ಕಾಯಿಲೆ. ನೀರು ಬಹಳ ಕಾಲ ನಿಂತರೆ ಗಾಜಿನೊಳಗಿನ ಸೋಡಾ, ಪೊಟ್ಯಾಶ್ ಹೊರಗೆ ಬರುತ್ತವೆ. ನೀರು ಕ್ಷಾರವಾಗಿ ಗಾಜಿನ ಮೈಯನ್ನೇ ತಿನ್ನುತ್ತದೆ. ಸುಣ್ಣ ಹೋಗುತ್ತದೆ, ಕಾಯಿಲೆ ಹೋಗುವುದಿಲ್ಲ.

ಪರೀಕ್ಷೆ ಮಾಡುವಾಗ ಹೂದಾನಿ ಪೂರ್ತಿ ಒಣಗಿರಬೇಕು. ಒದ್ದೆಯಾದರೆ ಎರಡೂ ಮಾಯ. ಇದು ಗೊತ್ತಿರುವ ಕೆಲವು ವ್ಯಾಪಾರಿಗಳು ಒಳಗೆ ಬೇಬಿ ಆಯಿಲ್ ಸವರಿರುತ್ತಾರೆ. ಬೆರಳು ಹಾಕಿ ಉಜ್ಜಿ. ಜಿಡ್ಡು ಹತ್ತಿದರೆ ವಾಪಸ್ ಇಟ್ಟು ಮುಂದಿನ ಅಂಗಡಿಗೆ ನಡೆಯಿರಿ.

ಹಿಂದೆ ಕಪ್ಪು ಬಟ್ಟೆ ಹಿಡಿದು, ಓರೆ ಬೆಳಕಿನಲ್ಲಿ ನಿಧಾನಕ್ಕೆ ತಿರುಗಿಸಿ. ನೀರು ನಿಂತಿದ್ದ ಮಟ್ಟದಲ್ಲಿ ಸುತ್ತ ಒಂದು ಗೆರೆ ಇದ್ದು, ಉಗುರಿಗೆ ಒರಟಾಗಿ ಸಿಕ್ಕರೆ ಬಹುಮಟ್ಟಿಗೆ ಸುಣ್ಣ. ಎಲ್ಲ ಕಡೆ ಹರಡಿದ ಮಬ್ಬು, ಅಲ್ಲಲ್ಲಿ ಕಾಮನಬಿಲ್ಲಿನ ಬಣ್ಣ, ಉಗುರಿಗೆ ಏನೂ ಸಿಗುತ್ತಿಲ್ಲ ಅಂದರೆ ಕಾಯಿಲೆ ಇರಬಹುದು. ಖಾತ್ರಿಯಾಗಬೇಕಾ? ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಲ್ಲಿ ಹತ್ತಿ ಅದ್ದಿ, ಒಂದೇ ಜಾಗದಲ್ಲಿ ಕಾಲು ಗಂಟೆ ಅಂಟಿಸಿಡಿ. ತೊಳೆದು ಒಣಗಿಸಿ. ಅಲ್ಲಿ ತಿಳಿಯಾಗಿದ್ದರೆ ಸುಣ್ಣ. ಹಾಗೇ ಇದ್ದರೆ ಇನ್ನೆಷ್ಟು ಉಜ್ಜಿದರೂ ಅಷ್ಟೇ. ಪಾಲಿಶ್ ಮಾಡಿಕೊಡುವವರು ಇದ್ದಾರೆ, ಆದರೆ ಐದು ಯೂರೋ ಹೂದಾನಿಗೆ ಆ ಖರ್ಚು ದಂಡ. ಟೂತ್‌ಪೇಸ್ಟ್ ಹಚ್ಚಿ ಅನ್ನುವ ವಿಡಿಯೊಗಳನ್ನಂತೂ ನಂಬಲೇಬೇಡಿ. ಇರುವ ಹೊಳಪೂ ಗೀರಿ ಹೋಗುತ್ತದೆ.

3. ತೊಳೆಯಿರಿ

ಸಿಂಕ್‌ನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು. ಡಿಶ್‌ವಾಶರ್ ಬೇಡವೇ ಬೇಡ. ಸುಣ್ಣಕ್ಕೆ ಲೀಟರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ರಾತ್ರಿಯಿಡೀ ಬಿಡಿ. ಚೆಂದದ ಬಾಟಲಿಯಲ್ಲಿ ಬರುವ ದುಬಾರಿ ದ್ರಾವಣ ನನ್ನ ಪ್ರಕಾರ ಕಾಸು ಹಾಳು. ಕತ್ತು ಸಣ್ಣದಿದ್ದರೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪುನೀರು ಹಾಕಿ ಮೆಲ್ಲಗೆ ತಿರುಗಿಸಿ. ಲೌಶಾ ಥರದ ತೆಳು ಗಾಜಿಗೆ ಅಕ್ಕಿಯೂ ಬೇಡ.

ಹೊರಮೈ ಬಣ್ಣ ಬಣ್ಣವಾಗಿ ಮಿನುಗುತ್ತಿದ್ದರೆ ಅಲ್ಲಿಗೆ ಹುಳಿ ತಾಗಿಸಬೇಡಿ. ಡಬ್ಲ್ಯುಎಂಎಫ್ ಕಂಪನಿಯ ಹಳೇ ಮೈರಾ ಗಾಜು ಹೀಗಿರುತ್ತದೆ. ಆ ಮಿನುಗು ತೆಳು ಪದರ, ಹೋದರೆ ಹೋಯಿತು. ಚಿನ್ನದ ಗೆರೆ ಇರುವುದಕ್ಕೂ ಇದೇ ಮಾತು. ಕಾಗದದ ಲೇಬಲ್ ಇದ್ದರೆ ನೆನೆಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಅನೇಕ ಹೂದಾನಿಗಳಿಗೆ ಬೇರೆ ಗುರುತೇ ಇರುವುದಿಲ್ಲ, ಲೇಬಲ್ ಹೋದರೆ ಯಾರು ಮಾಡಿದ್ದು ಅಂತ ಹೇಳುವುದು ಕಷ್ಟ.

4. ಒಣಗಿಸಿ

ಬೋರಲು ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಬಟ್ಟೆಯ ಮೇಲೆ ಓರೆಯಾಗಿ ಮಲಗಿಸಿ, ನೀರು ಇಳಿದ ಮೇಲೆ ನೆಟ್ಟಗೆ ನಿಲ್ಲಿಸಿ. ಹೂ ಇಡುವವರು ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಕಾಯಿಲೆ ಹಿಡಿದದ್ದರಲ್ಲಿ ನೀರೇ ಬೇಡ, ಒಣ ಹೂ ಇಡಿ.