ಮೂರನೇ ಮಾತಿನ ತಾಲೀಮು

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಟಿಕೆಟ್ ಕೌಂಟರಿನಲ್ಲಿ ಆಗಬೇಕಾದ ಮಾತು ಎರಡೇ. ಒಳಗಿನವರು ‘ಎಲ್ಲಿಗ್ರಿ?’ ಅನ್ನುತ್ತಾರೆ, ನಾವು ‘ನವನಗರ, ಒಂದ್ ಕೊಡ್ರಿ’ ಅನ್ನುತ್ತೇವೆ. ಇಷ್ಟನ್ನು ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಬಹುದು, ಅದಕ್ಕೆ ಎಐ ಬೇಕಿಲ್ಲ. ಕೆಡುವುದು ಮೂರನೇ ಮಾತಿಗೆ. ‘ಚಿಲ್ಲರ ಕೊಡ್ರಿ’, ‘ಜೋರ್ ಹೇಳ್ರಿ, ಕೇಳಸವಲ್ತು’, ‘ಇದು ಅಲ್ಲಿ ನಿಂದ್ರಂಗಿಲ್ರಿ’. ಬಾಯಿಪಾಠದಲ್ಲಿ ಇವಕ್ಕೆ ಉತ್ತರ ಇರುವುದಿಲ್ಲ, ಹಿಂದೆ ಪಾಳಿ ಬೆಳೆಯುತ್ತದೆ, ಆಟಿಸಂ ಇರುವ ನಮ್ಮಂಥವರ ಬಾಯಿ ಅಲ್ಲಿಗೆ ಕಟ್ಟುತ್ತದೆ. ಎಐ ಜೊತೆ ನಾನು ಮಾಡುವ ತಾಲೀಮೆಲ್ಲ ಈ ಮೂರನೇ ಮಾತಿನದು. ಸರಾಗವಾಗಿ ಹರಟೆ ಹೊಡೆಯುವುದನ್ನು ಕಲಿಯುತ್ತೇನೆಂದು ಕೂತರೆ ದಿನ ಕಳೆಯುತ್ತವೆ, ಕೈಗೆ ಹತ್ತುವುದು ಕಡಿಮೆ.

ಮೊದಲು ಸಲಕರಣೆ. ಚಾಟ್‌ಜಿಪಿಟಿ, ಜೆಮಿನಿ, ಕ್ಲಾಡ್ ಯಾವುದಾದರೂ ನಡೆಯುತ್ತದೆ, ಮೂರೂ ಕನ್ನಡ ಬರೆಯುತ್ತವೆ. ರೆಪ್ಲಿಕಾದಂಥ ‘ಸಂಗಾತಿ’ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸುವುದಿಲ್ಲ. ಅವು ನಂಟು ಬೆಳೆಸಲೆಂದೇ ಮಾಡಿದವು. ನಮ್ಮ ಇಷ್ಟಾನಿಷ್ಟ ನೆನಪಿಟ್ಟುಕೊಂಡು ನಮ್ಮ ಮಾತಿನ ರೀತಿಗೇ ಹೊಂದಿಕೊಳ್ಳುತ್ತವೆ. ಕೌಂಟರಿನವರು ಹೊಂದಿಕೊಳ್ಳುವುದಿಲ್ಲ. ತಾಲೀಮಿಗೆ ಬೇಕಾದದ್ದು ಅಪರಿಚಿತರು. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಮೆಮೊರಿ (ಹಳೆಯ ಮಾತು ನೆನಪಿಡುವ ಸೌಲಭ್ಯ) ಬಂದ್ ಮಾಡಿ, ಪ್ರತಿ ಸಲ ಹೊಸ ಚಾಟ್ ತೆರೆಯಬೇಕು. ನಿಜವಾದ ಹೆಸರು, ವೈದ್ಯರ ವರದಿ, ಆಧಾರ್ ಸಂಖ್ಯೆ ಹಾಕಬಾರದು. ತಾಲೀಮಿನಲ್ಲಿ ಅವಕ್ಕೆ ಕೆಲಸವೂ ಇಲ್ಲ. ಮಕ್ಕಳಿಗೆ ಮಾಡಿಸುವವರು ವಯಸ್ಸಿನ ನಿಯಮ ನೋಡಿಕೊಳ್ಳಬೇಕು: ಚಾಟ್‌ಜಿಪಿಟಿಗೆ ಕನಿಷ್ಠ 13 ವರ್ಷ, 18 ತುಂಬುವ ತನಕ ಪಾಲಕರ ಒಪ್ಪಿಗೆ. ಕಲ್ಪಿತ ಪಾತ್ರಗಳ ಜೊತೆ ಹರಟುವ ಆ್ಯಪ್ ಕ್ಯಾರೆಕ್ಟರ್ ಎಐ ಅಂತೂ 2025ರ ನವೆಂಬರ್‌ನಲ್ಲಿ 18ರ ಒಳಗಿನವರಿಗೆ ಮುಕ್ತ ಹರಟೆಯನ್ನೇ ನಿಲ್ಲಿಸಿತು. ಫೋನು ಮಗುವಿನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗುವ ಕೆಲಸ ಇದಲ್ಲ, ಪಕ್ಕದಲ್ಲಿ ಕೂತು ಮಾಡಿಸುವುದು.

ಎಐಗೆ ಕೊಡುವ ಸೂಚನೆಯನ್ನು ಒಮ್ಮೆ ಬರೆದು ಫೋನಿನಲ್ಲಿ ಉಳಿಸಿಟ್ಟರೆ ದೃಶ್ಯಕ್ಕೆ ತಕ್ಕಂತೆ ಎರಡು ಸಾಲು ಬದಲಿಸಿದರೆ ಸಾಕು. ನನ್ನದು ಹೀಗಿದೆ:

‘ನೀವು ಹುಬ್ಬಳ್ಳಿ-ಧಾರವಾಡದ ಚಿಗರಿ ನಿಲ್ದಾಣದಲ್ಲಿ ಟಿಕೆಟ್ ಕೊಡುವವರು. ಪಾಳಿಯಲ್ಲಿ ಎಂಟು ಜನ ಇದ್ದಾರೆ, ನಿಮಗೆ ಅವಸರ. ಒಂದು ಸಲಕ್ಕೆ ಒಂದೇ ಮಾತು, ಆರು ಪದ ಮೀರಬಾರದು. ನನ್ನನ್ನು ಹೊಗಳಬೇಡಿ, ಧೈರ್ಯ ಹೇಳಬೇಡಿ. ನಾನು ಹೇಳದಿದ್ದದ್ದನ್ನು ಊಹಿಸಿಕೊಳ್ಳಬೇಡಿ. ತಪ್ಪು ಹೇಳಿದರೆ ತಪ್ಪು ಟಿಕೆಟ್ಟನ್ನೇ ಕೊಡಿ. ನಾನು “ತಾಲೀಮು ನಿಲ್ಲಿಸು” ಎಂದು ಬರೆಯುವ ತನಕ ಪಾತ್ರ ಬಿಡಬೇಡಿ. ನಿಮ್ಮ ಮಾತು ಕೆಳಗಿನ ಸಾಲುಗಳ ಧಾಟಿಯಲ್ಲಿರಲಿ.’

ಇದರಲ್ಲಿ ಬಿಡಬಾರದ ಎರಡು ಸಾಲು ಆರು ಪದದ ಮಿತಿ ಮತ್ತು ‘ಊಹಿಸಿಕೊಳ್ಳಬೇಡಿ’. ಮಿತಿ ಇಲ್ಲದಿದ್ದರೆ ಕೌಂಟರಿನವರು ಬಸ್ಸಿನ ಇತಿಹಾಸ ಹೇಳತೊಡಗುತ್ತಾರೆ. ಊಹೆ ತಡೆಯದಿದ್ದರೆ ನಾವು ಬರೀ ‘ಒಂದ್ ಕೊಡ್ರಿ’ ಅಂದರೂ ಎಐ ಊರು ತಾನೇ ತುಂಬಿಕೊಂಡು ಟಿಕೆಟ್ ಕೊಟ್ಟುಬಿಡುತ್ತದೆ. ನಮ್ಮ ಅರ್ಧ ಮಾತನ್ನು ಪೂರ್ತಿ ಮಾಡಿಕೊಳ್ಳುವುದು ಅದರ ಗುಣ. ಅದೇ ಗುಣ ತಾಲೀಮನ್ನು ಕೆಡಿಸುತ್ತದೆ.

‘ಕೆಳಗಿನ ಸಾಲುಗಳು’ ಅಂದೆನಲ್ಲ, ಅವನ್ನು ನಾವೇ ಕೊಡಬೇಕು. ಏನೂ ಕೊಡದಿದ್ದರೆ ಎಐ ‘ದಯವಿಟ್ಟು ನಿಮ್ಮ ಗಮ್ಯಸ್ಥಾನವನ್ನು ತಿಳಿಸಿ’ ಅನ್ನುತ್ತದೆ. ‘ಉತ್ತರ ಕರ್ನಾಟಕದ ಕನ್ನಡ ಮಾತಾಡು’ ಅಂದರೆ ಇನ್ನೂ ಕಷ್ಟ: ‘ನಮಸ್ಕಾರ್ರಿ ಸರ್ರಿ, ಎಲ್ಲಿಗೆ ಹೋಗ್ಬೇಕ್ರಿ ನೀವ್ರಿ’ ಅಂತ ಪದಕ್ಕೊಂದು ‘ರಿ’ ಹಚ್ಚಿ ಹಾಸ್ಯನಾಟಕದ ಪಾತ್ರವಾಗುತ್ತದೆ. ನಿಲ್ದಾಣದಲ್ಲಿ ಹತ್ತು ನಿಮಿಷ ಬದಿಗೆ ನಿಂತು ಕಿವಿಗೆ ಬಿದ್ದದ್ದನ್ನು ಬರೆದುಕೊಂಡರೆ ಹನ್ನೆರಡು ಸಾಲು ಸಿಗುತ್ತವೆ, ಅಷ್ಟು ಸಾಕು. ಯಾರು ಯಾರಿಗೆ ಏನೆಂದು ಕರೆಯುತ್ತಾರೆ ಅನ್ನುವುದನ್ನೂ ಸೂಚನೆಯಲ್ಲಿ ಬರೆಯಬೇಕು: ಅಣ್ಣಾರ, ಅಕ್ಕಾರ, ಕಾಕಾ, ಅಜ್ಜಾರ. ಇಲ್ಲದಿದ್ದರೆ ಒಂದೇ ಚಾಟಿನಲ್ಲಿ ‘ನೀನು’ ಮತ್ತು ‘ನೀವು’ ಕಲಸಿಹೋಗುತ್ತವೆ, ನಾವು ಅದನ್ನೇ ಸರಿ ಅಂದುಕೊಂಡು ಬೀದಿಗೆ ಒಯ್ಯುತ್ತೇವೆ.

ಈಗ ಮೂರನೇ ಮಾತು. ‘ಅನಿರೀಕ್ಷಿತವಾಗಿ ಏನಾದರೂ ಮಾಡು’ ಅಂದರೆ ಎಐ ಪ್ರತಿ ಸಲ ಹೆಚ್ಚುಕಡಿಮೆ ಅದೇ ವಿಘ್ನ ತರುತ್ತದೆ, ಅದಕ್ಕೆ ಲಾಟರಿ ಎತ್ತಲು ಬರುವುದಿಲ್ಲ. ಆದ್ದರಿಂದ ಲೂಡೋ ಡಬ್ಬಿಯ ದಾಳ ತೆಗೆದುಕೊಂಡೆ. ಒಂದು ಬಿದ್ದರೆ ಚಿಲ್ಲರೆ ಇಲ್ಲ. ಎರಡು ಬಿದ್ದರೆ ನಾನು ಹೇಳಿದ್ದು ಕೇಳಿಸಲಿಲ್ಲ. ಮೂರು, ಈ ಬಸ್ಸು ಆ ನಿಲ್ದಾಣದಲ್ಲಿ ನಿಲ್ಲುವುದಿಲ್ಲ. ನಾಲ್ಕು, ಹಿಂದಿನವರು ನಡುವೆ ಬಾಯಿ ಹಾಕುತ್ತಾರೆ. ಐದು, ನವನಗರ ಕೇಳಿದರೆ ವಿದ್ಯಾನಗರದ ಟಿಕೆಟ್ ಬರುತ್ತದೆ. ಆರು ಬಿದ್ದರೆ ಏನೂ ಆಗುವುದಿಲ್ಲ, ಟಿಕೆಟ್ ಸಿಗುತ್ತದೆ, ಮುಗಿಯಿತು. ಈ ಆರನೆಯದನ್ನು ಬಿಟ್ಟು ಬರೀ ವಿಘ್ನಗಳನ್ನೇ ತಾಲೀಮು ಮಾಡಿದರೆ ಕೌಂಟರಿಗೆ ಹೋಗುವಾಗಲೇ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಪಟ್ಟಿಯನ್ನು ಸೂಚನೆಯ ಕೆಳಗೆ ಅಂಟಿಸಿ, ದಾಳದ ಅಂಕಿಯನ್ನು ಮನೆಯವರು ಟೈಪ್ ಮಾಡಿದರೆ ನಮಗೆ ಮೊದಲೇ ತಿಳಿಯುವುದಿಲ್ಲ. ಒಬ್ಬರೇ ಇದ್ದರೆ ಅಂಕಿ ಗೊತ್ತಾಗುತ್ತದೆ; ಆದರೂ ನಡೆಯುತ್ತದೆ.

ಉತ್ತರಗಳು ವಿಘ್ನಕ್ಕೊಂದು ಬೇಕಾಗಿಲ್ಲ. ನಾಲ್ಕು ರಿಪೇರಿ ಮಾತುಗಳಿಂದ ಬಹಳಷ್ಟು ನಿಭಾಯಿಸಬಹುದು: ‘ಇನ್ನೊಮ್ಮೆ ಹೇಳ್ರಿ.’ ‘ಒಂದ್ ನಿಮಿಷ ತಡೀರಿ, ತಿಳ್ಕೊಂಡ್ ಹೇಳ್ತೀನಿ.’ ‘ಬರದ್ ಕೊಡ್ರಿ.’ ‘ಇರ್ಲಿ ಬಿಡ್ರಿ, ಆಮ್ಯಾಲೆ ಬರ್ತೀನಿ.’ ಕೊನೆಯದು ಪಾಳಿ ಬಿಟ್ಟು ಹೊರಗೆ ಬರುವ ಬಾಗಿಲು, ಅದನ್ನೇ ಹೆಚ್ಚು ಸಲ ಮಾಡಬೇಕು. ಹೊರಬರಲು ದಾರಿ ಗೊತ್ತಿದ್ದರೆ ಒಳಗೆ ಹೋಗುವ ಹೆದರಿಕೆ ಇಳಿಯುತ್ತದೆ.

ಖಾನಾವಳಿಯ ದೃಶ್ಯಕ್ಕೆ ಬೇರೆ ಸೂಚನೆ ಬೇಕು. ‘ಇನ್ನೊಂದ್ ರೊಟ್ಟಿ ತಗೋರಿ’, ‘ಬ್ಯಾಡ್ರಿ’, ‘ಏ ತಗೋರಿ, ಒಂದರಾಗ ಏನಾಗ್ತೈತಿ’. ನಮ್ಮ ಕಡೆ ಊಟದಲ್ಲಿ ಮೊದಲನೇ ‘ಬ್ಯಾಡ’ವನ್ನು ಯಾರೂ ಬೇಡ ಎಂದು ತಿಳಿಯುವುದಿಲ್ಲ. ಎಐ ಮಾತ್ರ ಮೊದಲ ಸಲಕ್ಕೇ ‘ಸರಿ’ ಎಂದು ಹಿಂದೆ ಸರಿಯುತ್ತದೆ. ‘ಮೂರು ಸಲ ಒತ್ತಾಯ ಮಾಡಬೇಕು, ನಾಲ್ಕನೇ ಸಲ ಬಿಡಬೇಕು’ ಎಂದು ಬರೆಯಲೇಬೇಕು. ಉತ್ತರ ‘ಹೊಟ್ಟಿ ತುಂಬೇತ್ರಿ’, ಜೊತೆಗೆ ತಾಟಿನ ಮೇಲೆ ಅಂಗೈ ಅಡ್ಡ. ಕೈಯ ಭಾಗವನ್ನು ಎಐ ಮುಂದೆ ಮಾಡಲಾಗದು, ಖಾಲಿ ತಾಟು ಇಟ್ಟುಕೊಂಡು ಮಾಡಬೇಕು.

ಪದಕ್ಕೆ ಪದ ಅರ್ಥ ಹಿಡಿಯುವವರಿಗೆ ಇಲ್ಲಿನ ಮಾತಿನಲ್ಲಿ ಕೆಲವು ಗುಂಡಿಗಳಿವೆ. ‘ಬರ್ತೀನ್ರಿ’ ಅಂದವರು ಹೋಗುತ್ತಿದ್ದಾರೆ. ‘ಎತ್ತಾಗ ಹೊಂಟೀರಿ?’ ಅನ್ನುವುದು ವಿಚಾರಣೆಯಲ್ಲ, ‘ಇಲ್ಲೇ ಪ್ಯಾಟಿಗ್ರಿ’ ಅಂದರೆ ಸಾಕು. ಯಾವ ಅಂಗಡಿ, ಏನು ಸಾಮಾನು ಎಂದು ವರದಿ ಒಪ್ಪಿಸಬೇಕಾಗಿಲ್ಲ. ‘ಊಟ ಆತೇನ್ರಿ?’ಗೆ ಊಟ ಆಗಿರದಿದ್ದರೂ ‘ಆತ್ರಿ, ನಿಮ್ದು?’ ಅನ್ನಬಹುದು, ಅದು ಸುಳ್ಳೆಂದು ಯಾರೂ ಲೆಕ್ಕ ಹಾಕುವುದಿಲ್ಲ. ‘ನೋಡೋಣಂತ’ ಬಹಳ ಸಲ ‘ಇಲ್ಲ’ವೇ. ಇಂಥ ಮಾತುಗಳ ಅರ್ಥವನ್ನು ಎಐಗೆ ಕೇಳಿದರೆ ಅರ್ಧ ಸರಿ, ಅರ್ಧ ಹೊರದೇಶದ ಶಿಷ್ಟಾಚಾರ ಹೇಳುತ್ತದೆ. ಅದರ ಪ್ರಕಾರ ಖಾನಾವಳಿಯಲ್ಲಿ ರೊಟ್ಟಿ ಬಡಿಸಿದಾಗಲೆಲ್ಲ ಧನ್ಯವಾದ ಹೇಳಬೇಕು. ಎಐ ಕೊಟ್ಟ ನಿಯಮಗಳನ್ನು ಇಲ್ಲೇ ಬೆಳೆದ ಒಬ್ಬರಿಗೆ ತೋರಿಸಿ ಕಾಟು ಹಾಕಿಸಿಕೊಳ್ಳುವುದು ಒಳ್ಳೆಯದು.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ತೋರಿಸುವ ದೃಶ್ಯ ಬೇರೆಯೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಆದರೂ ‘ನೋಡಾಕ ಚಲೋ ಅದೀರಲ್ರಿ’ ಎಂಬ ಮಾತು ಬರುತ್ತದೆ. ಎಐಗೆ ಈ ಸಾಲನ್ನು ನಾವೇ ಕೊಡಬೇಕು, ತಾನಾಗಿ ಅಷ್ಟು ಒರಟಾಗುವುದಿಲ್ಲ. ಉತ್ತರ ಒಂದೇ: ‘ಹೊರಗ ಕಾಣಂಗಿಲ್ರಿ, ಕಾರ್ಡಿನ್ಯಾಗ ಬರದೈತಿ ನೋಡ್ರಿ.’ ಆಟಿಸಂ ಅಂದರೇನು ಎಂಬ ವಿವರಣೆಗೆ ಇಳಿದರೆ ಮಾತು ಉದ್ದವಾಗಿ ಕೆಲಸ ಹಿಂದುಳಿಯುತ್ತದೆ.

ಟೈಪ್ ಮಾಡಿ ಹಿಡಿತ ಬಂದ ಮೇಲೆ ದನಿ. ಧ್ವನಿ ಸಂಭಾಷಣೆಯಲ್ಲಿ ನಾವು ಸ್ವಲ್ಪ ತಡೆದರೆ ಮಾತು ಮುಗಿಯಿತೆಂದು ಎಐ ಉತ್ತರ ಶುರು ಮಾಡುತ್ತದೆ. ಯೋಚಿಸಿ ಮಾತಾಡುವವರಿಗೆ ಇದು ದೊಡ್ಡ ತೊಡಕು. ಅದನ್ನು ಬಿಟ್ಟು ಕೀಬೋರ್ಡಿನ ಮೈಕ್ ಒತ್ತಿ ಹೇಳಿ, ಅಕ್ಷರವಾದದ್ದನ್ನು ಓದಿ ಕಳಿಸುವುದು ಮೇಲು. ‘ನಿಂದ್ರಂಗಿಲ್ಲ’ದಂಥ ಪದಗಳನ್ನು ಮೈಕ್ ತಪ್ಪು ಬರೆಯುತ್ತದೆ, ಅದು ನಮ್ಮ ಉಚ್ಚಾರದ ದೋಷವೆಂದು ತಿಳಿಯಬಾರದು. ಇನ್ನೊಂದು ಕೊರತೆ: ಎಐ ದನಿ ಯಾವಾಗಲೂ ಸ್ವಚ್ಛ, ಗಾಜಿನ ಹಿಂದಿನ ಕೌಂಟರಿನವರ ದನಿ ಹಾಗಲ್ಲ. ನಿಲ್ದಾಣದ ಗದ್ದಲವನ್ನು ಐದು ನಿಮಿಷ ರೆಕಾರ್ಡ್ ಮಾಡಿ ಎರಡನೇ ಫೋನಿನಲ್ಲಿ ಹಚ್ಚುತ್ತೇನೆ. ಮೊದಲ ವಾರ ಅತಿ ಸಣ್ಣಗೆ, ಆಮೇಲೆ ವಾರಕ್ಕೊಂದು ಮೆಟ್ಟಿಲು ಏರಿಸುವುದು. ಸದ್ದು ತಡೆಯದವರು ಇದನ್ನು ಬಿಟ್ಟೇ ಬಿಡಬಹುದು, ಇಯರ್‌ಪ್ಲಗ್ ಹಾಕಿಕೊಂಡು ಮಾತಾಡುವುದನ್ನೇ ತಾಲೀಮು ಮಾಡಬಹುದು.

ತಾಲೀಮು ಮುಗಿದ ಮೇಲೆ ‘ಹೇಗೆ ಮಾಡಿದೆ?’ ಎಂದು ಕೇಳಬಾರದು. ‘ಅದ್ಭುತ’ ಅನ್ನುತ್ತದೆ. ಹೊಗಳಿಕೆ ಈ ಯಂತ್ರಗಳ ಹಳೆಯ ರೋಗ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತನ್ನದೊಂದು ಅಪ್‌ಡೇಟನ್ನು ಅತಿಯಾಗಿ ಹೌದಪ್ಪನಾಗಿದೆಯೆಂದು ವಾಪಸ್ ತೆಗೆದುಕೊಳ್ಳಬೇಕಾಯಿತು. ಸಂಭಾಷಣೆಯನ್ನು ನಕಲು ಮಾಡಿ, ಹೆಸರು ತೆಗೆದು ಕೌಂಟರಿನವರಿಗೆ ‘ಅ’, ನನಗೆ ‘ಬ’ ಎಂದು ಹಾಕಿ, ಹೊಸ ಚಾಟಿನಲ್ಲಿ ಅಂಟಿಸಿ ಮೂರು ಪ್ರಶ್ನೆ ಕೇಳುತ್ತೇನೆ: ‘ಬ’ಗೆ ಏನು ಬೇಕೆಂದು ಎಷ್ಟನೇ ಮಾತಿಗೆ ತಿಳಿಯಿತು? ಯಾವ ಮಾತಿಗೆ ಎರಡು ಅರ್ಥವಿದೆ? ಕೆಲಸ ಆಯಿತೋ ಇಲ್ಲವೋ? ನಾನು ಯಾರೆಂದು ಗೊತ್ತಿಲ್ಲದಿದ್ದರೆ ಅದಕ್ಕೆ ಓಲೈಸಲು ಯಾರೂ ಸಿಗುವುದಿಲ್ಲ. ‘ಬ ಸ್ವಲ್ಪ ಬಿರುಸು’ ಎಂದು ಬಂದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ನಗುಮುಖ ತೋರಿಸುವುದು ನನ್ನ ತಾಲೀಮಿನಲ್ಲಿ ಇಲ್ಲ. ಆಟಿಸಂ ಇರುವವರು ಮತ್ತು ಇಲ್ಲದವರ ನಡುವೆ ತಿಳಿವಳಿಕೆಯ ಕೊರತೆ ಎರಡೂ ಕಡೆಯದು ಎಂದು ಡೇಮಿಯನ್ ಮಿಲ್ಟನ್ 2012ರಲ್ಲೇ ವಾದಿಸಿದರು, ತಾವೂ ಆಟಿಸ್ಟಿಕ್ ಆಗಿರುವ ಸಂಶೋಧಕರು. ಟಿಕೆಟ್ ಸಿಕ್ಕರೆ ನನ್ನ ಪಾಲಿನ ಕೆಲಸ ಆಯಿತು.

ಒಂದು ಸಲ ಕೂತರೆ ಹನ್ನೆರಡು ನಿಮಿಷ, ಒಂದೇ ದೃಶ್ಯ, ಮೂರು ಸುತ್ತು. ಹಾಗೆ ಮೂರು ಸಲ ಕೂತ ಮೇಲೆ ಮೂರು ದಿನದೊಳಗೆ ಬೀದಿಗೆ ಹೋಗಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ, ಪಾಳಿ ಕಡಿಮೆ ಇದ್ದಾಗ. ಹೊರಗೆ ಹೋಗದೆ ಮನೆಯೊಳಗಿನ ತಾಲೀಮೇ ಹೆಚ್ಚುತ್ತಿದ್ದರೆ ಒಂದು ವಾರ ಆ್ಯಪ್ ತೆಗೆದಿಡುವುದು. ದಿಗಿಲು, ನಿದ್ದೆಗೇಡು, ಬದುಕು ಸಾಕೆನಿಸುವುದು ಇವು ತಾಲೀಮಿನ ವಿಷಯವಲ್ಲ, ಎಐಗೆ ಹೇಳಿಕೊಂಡು ಕೂರುವಂಥದ್ದೂ ಅಲ್ಲ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬೇಕು, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ.

ಇಷ್ಟು ಮಾಡಿಯೂ ಎಐಗೆ ಒಗ್ಗದ ದೃಶ್ಯ ಒಂದಿದೆ. ಕಟ್ಟೆ ಮೇಲೆ ಕೂತವರು ‘ಮತ್ತೇನ್ರಿ?’ ಅಂತಾರೆ, ನಾವು ‘ಏನಿಲ್ರಿ, ಹಿಂಗ’ ಅಂತೀವಿ, ಆಮೇಲೆ ಇಬ್ಬರೂ ಸುಮ್ಮನೆ ರಸ್ತೆ ನೋಡುತ್ತೇವೆ. ಆ ಸುಮ್ಮನಿರುವಿಕೆಯನ್ನು ಎಐ ಕೊಡಲಾರದು. ನಾವು ಏನು ಕಳಿಸಿದರೂ ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತದೆ, ಕಳಿಸದಿದ್ದರೆ ಅಲ್ಲಿ ಯಾರೂ ಇರುವುದಿಲ್ಲ. ಇದನ್ನು ಮನೆಯವರ ಜೊತೆ ಮಾಡುತ್ತೇನೆ: ಒಂದು ‘ಮತ್ತೇನ್ರಿ’, ಒಂದು ‘ಏನಿಲ್ರಿ’, ಆಮೇಲೆ ಫೋನಿನಲ್ಲಿ ನಾಲ್ಕು ನಿಮಿಷದ ಅಲಾರಂ. ಮೊದಲ ನಿಮಿಷ ದಾಟುವುದೇ ಕಷ್ಟ.